ಕಪ್ಪು ಏಲ್ ಸವಿಯುವ ಹದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲೆಂಡಿನ ಹಳೇ ಪದ್ಧತಿಯ ಕಪ್ಪು ಏಲ್‌ಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೈಲ್ಡ್, ಬ್ರೌನ್ ಏಲ್, ಪೋರ್ಟರ್, ಸ್ಟೌಟ್, ಓಲ್ಡ್ ಏಲ್ ಎಲ್ಲವೂ ಈ ಗುಂಪಿನ ಬಿಯರ್‌ಗಳೇ. ಇವು ಸಿಗುವುದು ಹೆಚ್ಚಾಗಿ ಅಲ್ಲೇ ಬಿಯರ್ ತಯಾರಿಸಿ ಮಾರುವ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಮತ್ತು ಆಮದು ಮದ್ಯ ಇಡುವ ದೊಡ್ಡ ಅಂಗಡಿಗಳಲ್ಲಿ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮುಂದಿನ ಮಾತುಗಳೆಲ್ಲ ಆ ವಯಸ್ಸು ದಾಟಿದವರಿಗೆ.

ಲಂಡನ್ನಿನಿಂದ ಬಂದ ನೆಂಟರು ಒಂದು ಬಾಟಲಿ ಪೋರ್ಟರ್ ತಂದುಕೊಟ್ಟರು. ಎರಡು ದಿನ ಫ್ರಿಜ್‌ನಲ್ಲಿಟ್ಟು ಚೆನ್ನಾಗಿ ತಣ್ಣಗಾದ ಮೇಲೆ ಕುಡಿದೆವು. ಸೀದ ಡಿಕಾಕ್ಷನ್ನಿನ ಕಹಿ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ, ಗುಳ್ಳೆಯೂ ಕಮ್ಮಿ. ಬಾಟಲಿ ಕೆಟ್ಟಿತ್ತೇ? (ಸಿರಾ)

ಕೆಟ್ಟಿರಲಿಕ್ಕಿಲ್ಲ. ತಂಪು ಜಾಸ್ತಿಯಾಗಿದೆ, ಅಷ್ಟೇ. ನಮ್ಮಲ್ಲಿ ಬಿಯರ್ ಅಂದರೆ ತೆಳು ಹಳದಿಯ ಲಾಗರ್; ಅದನ್ನು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುಡಿಯುವುದು ರೂಢಿ. ಕಪ್ಪು ಏಲ್‌ಗೆ ಆ ತಂಪು ಒಗ್ಗುವುದಿಲ್ಲ. ಘಮ ಕೊಡುವ ಅಂಶಗಳು ಆ ತಂಪಿನಲ್ಲಿ ಗ್ಲಾಸಿನಿಂದ ಮೇಲೇಳುವುದೇ ಇಲ್ಲ, ನಾಲಿಗೆಗೆ ಸಿಹಿಯೂ ಸರಿಯಾಗಿ ತಿಳಿಯುವುದಿಲ್ಲ. ಹುರಿದ ಧಾನ್ಯದ ಕಹಿ, ಒಗರು ಮಾತ್ರ ಉಳಿಯುತ್ತವೆ. ನೀವು ಬರೆದಿರುವುದೂ ಅದನ್ನೇ.

ಇಂಗ್ಲೆಂಡಿನ ಪಬ್‌ಗಳು ಪೀಪಾಯಿಯ ಏಲನ್ನು ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಡುತ್ತವೆ. ಬಾಟಲಿಯ ಪೋರ್ಟರ್‌ಗೂ ಮೈಲ್ಡ್‌ಗೂ ಅದೇ ಅಳತೆ ಸಾಕು. ಓಲ್ಡ್ ಏಲ್‌ನಂಥ ಗಟ್ಟಿ ಪೇಯ 14 ಡಿಗ್ರಿಯಲ್ಲೂ ಚೆನ್ನಾಗಿರುತ್ತದೆ. 500 ಮಿ.ಲೀ. ಬಾಟಲಿಯನ್ನು 4 ಡಿಗ್ರಿಯ ಫ್ರಿಜ್‌ನಿಂದ ತೆಗೆದು 30 ಡಿಗ್ರಿಯ ಕೋಣೆಯಲ್ಲಿಟ್ಟರೆ 12ಕ್ಕೆ ಬರಲು ಅರ್ಧ ಗಂಟೆ ಬೇಕು. ಏಪ್ರಿಲ್‌ನಲ್ಲಿ ಪಾವಗಡದ ಕಡೆ 36 ಡಿಗ್ರಿ ಇದ್ದಾಗ 25 ನಿಮಿಷ ಸಾಕಾದೀತು; ಡಿಸೆಂಬರ್ ಸಂಜೆ ನಂದಿಬೆಟ್ಟದ ಸುತ್ತಿನ ಊರುಗಳಲ್ಲಿ ಒಂದು ಗಂಟೆ ದಾಟೀತು. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಹಾಲಿನ ಥರ್ಮಾಮೀಟರ್ ಇದ್ದರೆ ಅದನ್ನು ಚೆನ್ನಾಗಿ ತೊಳೆದು ಬಳಸಿ. ಲೆಕ್ಕ ಹಾಕುವ ತೊಂದರೆಯೇ ಇಲ್ಲ. ಫ್ರಿಜ್ ಇಲ್ಲದವರು ಐಸ್ ಬೆರೆಸಿದ ನೀರಿನ ಬಕೆಟ್ಟಿನಲ್ಲಿ ಬಾಟಲಿಯನ್ನು ಹತ್ತು–ಹದಿನೈದು ನಿಮಿಷ ನಿಲ್ಲಿಸಿ, ತೆಗೆದು ಒರೆಸಿ. ಗ್ಲಾಸಿಗೇ ಐಸ್ ಹಾಕಬೇಡಿ. ನೀರು ಬೆರೆತು ಬಿಯರ್‌ನ ಮೈ (ಬಾಯಿಗೆ ತಿಳಿಯುವ ಮಂದ) ತೆಳ್ಳಗಾಗುತ್ತದೆ, ಇದ್ದ ಅಲ್ಪ ಅನಿಲವೂ ಒಮ್ಮೆಲೇ ನೊರೆಯಾಗಿ ಹೋಗುತ್ತದೆ.

ಗುಳ್ಳೆ ಕಮ್ಮಿ ಇರುವುದು ಕುಂದಲ್ಲ. ಪೀಪಾಯಿ ಏಲ್‌ನಲ್ಲಿ ಲಾಗರ್‌ನಲ್ಲಿರುವುದರ ಅರ್ಧದಷ್ಟು ಅನಿಲ ಇದ್ದರೂ ಹೆಚ್ಚು. ಬಾಟಲಿಯಲ್ಲಿ ತುಸು ಜಾಸ್ತಿ. ಚುರುಚುರು ಅನ್ನದೆ ನಾಲಿಗೆಯ ಮೇಲೆ ಮೆತ್ತಗೆ ಹರಿಯಬೇಕು ಎಂಬುದೇ ಉದ್ದೇಶ. ಇನ್ನೊಂದು ಬಾಟಲಿ ಸಿಕ್ಕರೆ ಫ್ರಿಜ್‌ನಿಂದ ತೆಗೆದ ಕೂಡಲೇ ಒಂದು ಗುಟುಕು, ಅರ್ಧ ಗಂಟೆಯ ನಂತರ ಇನ್ನೊಂದು ಗುಟುಕು ಕುಡಿದು ನೋಡಿ. ಇವು ಒಂದೇ ಬಾಟಲಿಯವು ಎಂದು ನಂಬುವುದು ಕಷ್ಟವಾಗುತ್ತದೆ.

ಸವಿಯುವುದಕ್ಕೆ ಕ್ರಮ ಇದೆಯೇ? ಏನನ್ನು ಮೊದಲು ನೋಡಬೇಕು, ಏನನ್ನು ಬರೆದುಕೊಳ್ಳಬೇಕು? (ಚಿಂತಾಮಣಿ)

ಕ್ರಮ ಇದೆ, ಮತ್ತು ಅದಕ್ಕೆ ಕಾರಣಗಳೂ ಇವೆ. ತಳದಲ್ಲಿ ಯೀಸ್ಟ್ ಇರುವ ಬಾಟಲಿಯಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಮಲಗಿಸಿಟ್ಟರೆ ಗಸಿ ಪಕ್ಕಕ್ಕೆ ಅಂಟಿ ಸುರಿಯುವಾಗ ಕದಡುತ್ತದೆ. ಬಾಯಿ ಒಳಕ್ಕೆ ಬಾಗಿದ 300 ಮಿ.ಲೀ. ಗ್ಲಾಸಿದ್ದರೆ 150 ಮಿ.ಲೀ. ಮಾತ್ರ ಸುರಿಯಿರಿ. ಉಳಿದ ಅರ್ಧ ಜಾಗ ಘಮ ನಿಲ್ಲುವುದಕ್ಕೆ. ವೈನ್ ಗ್ಲಾಸ್ ಆದೀತು. ಸ್ಟೀಲ್ ಲೋಟ ಬೇಡ: ಬಣ್ಣ ಕಾಣುವುದಿಲ್ಲ, ಮೂಗು ಹತ್ತಿರ ತಂದಾಗ ಲೋಹದ ವಾಸನೆ ಅಡ್ಡ ಬರುತ್ತದೆ. ಗ್ಲಾಸನ್ನು ಓರೆ ಮಾಡಿ ಪಕ್ಕದ ಗೋಡೆಗೆ ಸುರಿಯುತ್ತಾ, ಸುರಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಬಂದಾಗ ನೆಟ್ಟಗೆ ಮಾಡಿ ನಡುವಿಗೆ ಬಿಡಿ. ಒಂದು ಬೆರಳು ದಪ್ಪದ ನೊರೆ ಬರಬೇಕು. ಗಸಿಯಿರುವ ಬಾಟಲಿಯಲ್ಲಿ ಕೊನೆಯ ಒಂದೆರಡು ಚಮಚ ಬಿಟ್ಟುಬಿಡಿ. ಆ ಗಸಿ ವಿಷವೇನಲ್ಲ, ಆದರೆ ರುಚಿ ಕೆಡಿಸುತ್ತದೆ, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ.

ನೊರೆ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಗ್ಲಾಸನ್ನು ಬೆಳಕಿಗೆ ಹಿಡಿಯಿರಿ: ಕಪ್ಪು ಅಂದುಕೊಂಡದ್ದು ಅಂಚಿನಲ್ಲಿ ಮಾಣಿಕ್ಯದ ಕೆಂಪು. ಮೈಲ್ಡ್, ಪೋರ್ಟರ್‌ಗಳಲ್ಲಿ ಈ ಕೆಂಪು ಸ್ಪಷ್ಟ. ಕೆಂಪಿನ ಬದಲು ಮಂಕಾಗಿ, ಕೆಸರು ಕದಡಿದಂತೆ ಕಂಡರೆ ಗಸಿ ಎದ್ದಿದೆ.

ಕುಡಿಯುವುದಕ್ಕೆ ಮೊದಲು ಮೂಸಿ ನೋಡಿ. ಉದ್ದ ಉಸಿರೆಳೆಯಬೇಡಿ, ಚಿಕ್ಕಚಿಕ್ಕದಾಗಿ ಎರಡು ಮೂರು ಸಲ ಸಾಕು. ಮೂಗು ಬೇಗ ಸೋಲುತ್ತದೆ. ಸೋತಾಗ ನಿಮ್ಮದೇ ಮುಂಗೈ ಮೂಸಿ, ಮತ್ತೆ ಗ್ಲಾಸಿಗೆ ಬನ್ನಿ. ಈಗ ಒಂದೊಂದೇ ಎಳೆ ಬಿಡಿಸಿಕೊಳ್ಳಿ. ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಬರುವವು: ಸುಟ್ಟ ಬ್ರೆಡ್ಡಿನ ಅಂಚು, ಬಿಸ್ಕತ್ತು, ಪಾಕ ಹದ ಮೀರಿದ ಬೆಲ್ಲ, ಕೋಕೋ, ಕಾಫಿ. ಯೀಸ್ಟಿನಿಂದ ಬರುವವು: ಒಣದ್ರಾಕ್ಷಿ, ಸೇಬು, ಪೇರು ಹಣ್ಣು. ಬಿಯರ್‌ಗೆ ಕಹಿ, ಘಮ ಕೊಡಲು ಹಾಕುವ ಹಾಪ್ಸ್ ಎಂಬ ಹೂವಿನಿಂದ ಬರುವುದು ಕಮ್ಮಿ. ಇಂಗ್ಲೆಂಡಿನ ಫಗಲ್, ಗೋಲ್ಡಿಂಗ್ಸ್ ತಳಿಗಳು ಮಣ್ಣು, ಒಣ ಸೊಪ್ಪು, ಚಹಾಪುಡಿಯ ಕಡೆಗೆ ವಾಲುತ್ತವೆ, ಅಮೆರಿಕದ ತಳಿಗಳ ಹಾಗೆ ಕಿತ್ತಳೆ ಸಿಪ್ಪೆ ಹೊಡೆಯುವುದಿಲ್ಲ. ನಮ್ಮ ಸೀಮೆಯವರಿಗೆ ಪದಗಳಿಗೆ ಬರವಿಲ್ಲ. ಮೊಳಕೆ ರಾಗಿ ಹುರಿಯುವಾಗಿನ ಘಮ, ತಿಪಟೂರಿನ ಹಳೇ ಕೊಬ್ಬರಿಯ ಎಣ್ಣೆ ಘಮ, ಆಲೆಮನೆಯ ಕೊಪ್ಪರಿಗೆ ತಳದ ಸೀಕು, ಬೀಜ ತೆಗೆದ ಹಳೇ ಹುಣಸೆಹಣ್ಣು: ಇವನ್ನೇ ಬರೆದುಕೊಳ್ಳಿ. ಇಂಗ್ಲಿಷ್ ಬಾಟಲಿಯ ಚೀಟಿಯಲ್ಲಿ ಅಚ್ಚಾದ ಪದಗಳಿಗಿಂತ ನಿಮ್ಮ ಮೂಗು ಗುರುತಿಸುವ ಪದವೇ ಮುಂದಿನ ಸಲಕ್ಕೆ ಕೆಲಸಕ್ಕೆ ಬರುವುದು.

ಮೊದಲ ಗುಟುಕನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಬಾಯಿ ಹಿಂದಿನ ಊಟದಿಂದ ಬಿಡಿಸಿಕೊಳ್ಳುವುದಕ್ಕೆ ಅದು ಹೋಗುತ್ತದೆ. ಎರಡನೆಯದನ್ನು ನಾಲ್ಕೈದು ಸೆಕೆಂಡು ಬಾಯಲ್ಲಿ ಆಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಆ ಘಮದಲ್ಲೇ ಪೋರ್ಟರ್‌ನ ಅರ್ಧ ರುಚಿ ಇದೆ. ವೈನ್ ಪರೀಕ್ಷೆ ಮಾಡುವವರ ಹಾಗೆ ಉಗಿದರೆ ಇದೂ, ನುಂಗಿದ ಮೇಲೆ ನಿಧಾನಕ್ಕೆ ಮೇಲೇಳುವ ಕಹಿಯೂ ತಪ್ಪಿಹೋಗುತ್ತವೆ. ಅದಕ್ಕೇ ಬಿಯರನ್ನು ಕಮ್ಮಿ ಸುರಿದು, ನುಂಗಿ ನೋಡುವುದು ಪದ್ಧತಿ.

ಬರೆದುಕೊಳ್ಳಬೇಕಾದ್ದು ಇಷ್ಟು: ನಾಲಿಗೆಗೆ ಮೊದಲು ಬಂದದ್ದು ಸಿಹಿಯೋ ಹುರಿದದ್ದೋ, ನಡುವೆ ಮೈ ತೆಳುವೋ ಮಂದವೋ, ನುಂಗಿದ ಮೇಲೆ ಉಳಿದದ್ದು ಕಹಿಯೋ ಒಗರೋ, ಎಷ್ಟು ಹೊತ್ತು. ಒಳ್ಳೆಯ ಪೋರ್ಟರ್‌ನಲ್ಲಿ ಸಿಹಿ ಮುಂದೆ ಬಂದು, ಹುರಿದ ಕಹಿ ಅದನ್ನು ಹಿಂದಿನಿಂದ ಹಿಡಿದು, ಕೊನೆಗೆ ಬಾಯಿ ಒಣಗುತ್ತದೆ. ಬರೀ ಸಿಹಿ ಉಳಿದರೆ ಇನ್ನೊಂದು ಗ್ಲಾಸು ಬೇಡ ಅನಿಸುತ್ತದೆ. ಬರೀ ಒಗರು ಉಳಿದರೆ ಹುರಿದ ಮಾಲ್ಟ್ ಕೈ ಮೀರಿ ಬಿದ್ದಿದೆ. ಅದೇ ಗ್ಲಾಸನ್ನು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಬದಲಾದದ್ದನ್ನು ಪಕ್ಕದಲ್ಲೇ ಬರೆಯಿರಿ.

ಕಪ್ಪಗಿದ್ದಷ್ಟೂ ಅಮಲು ಜಾಸ್ತಿ ಅಂತಾರಲ್ಲ? (ತಿಪಟೂರು)

ಸುಳ್ಳು. ಇಂಗ್ಲೆಂಡಿನ ಡಾರ್ಕ್ ಮೈಲ್ಡ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 3ರಿಂದ 3.8. ಐರ್ಲೆಂಡಿನ ಸ್ಟೌಟ್ ಆದ ಗಿನ್ನೆಸ್ ಡ್ರಾಟ್ ಶೇ 4.2. ಫುಲ್ಲರ್ಸ್ ಲಂಡನ್ ಪೋರ್ಟರ್ ಶೇ 5.4, ಯಾರ್ಕ್‌ಷೈರಿನ ಥೀಕ್‌ಸ್ಟನ್ ಓಲ್ಡ್ ಪೆಕ್ಯೂಲಿಯರ್ ಶೇ 5.6. ನಮ್ಮ ಅಂಗಡಿಗಳಲ್ಲಿ ನೀರಿನಂತೆ ಮಾರಾಟವಾಗುವ ತೆಳು ಹಳದಿಯ ‘ಸ್ಟ್ರಾಂಗ್’ ಬಿಯರ್ ಶೇ 7ರ ಆಸುಪಾಸು. ಅದರ 650 ಮಿ.ಲೀ. ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 45 ಮಿ.ಲೀ.; ಶೇ 3.5ರ ಮೈಲ್ಡ್ ಒಂದು ಬ್ರಿಟಿಷ್ ಪಿಂಟ್, ಅಂದರೆ 568 ಮಿ.ಲೀ., ಕುಡಿದರೆ 20.

ಬಣ್ಣ ಬರುವುದು ಬಹಳ ಹುರಿದ ಸ್ವಲ್ಪ ಮಾಲ್ಟಿನಿಂದ. 18ನೇ ಶತಮಾನದ ಲಂಡನ್ ಪೋರ್ಟರ್ ಪೂರ್ತಿ ಕಂದು ಮಾಲ್ಟಿನಿಂದಲೇ ಆಗುತ್ತಿತ್ತು. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಂದ ಮೇಲೆ, ಅದೇ ದುಡ್ಡಿಗೆ ತೆಳು ಬಣ್ಣದ ಮಾಲ್ಟಿನಿಂದ ಹೆಚ್ಚು ಸಕ್ಕರೆ ಬರುತ್ತದೆ ಎಂಬುದು ಬ್ರೂವರ್‌ಗಳಿಗೆ ಗೊತ್ತಾಯಿತು. ಆದರೆ ಅದರಿಂದ ಬಣ್ಣ ಬರುವುದಿಲ್ಲ. 1817ರಲ್ಲಿ ಡೇನಿಯಲ್ ವೀಲರ್ ಕಾಫಿ ಬೀಜದಂತೆ ಡ್ರಮ್ಮಿನಲ್ಲಿ ತಿರುಗಿಸುತ್ತ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ನೂರು ಕಿಲೋಗೆ ಕೆಲವೇ ಕಿಲೋ ಕರಿ ಮಾಲ್ಟ್ ಸಾಕಾಯಿತು. ಅಷ್ಟು ಹುರಿದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಉಳಿದಿರುವುದಿಲ್ಲ. ಅದು ಬಣ್ಣ, ರುಚಿ ಕೊಡುತ್ತದೆಯೇ ಹೊರತು ಅಮಲನ್ನಲ್ಲ.

ಮನೆಯ ಗ್ಲಾಸಿನಲ್ಲಿ ನೊರೆ ಒಂದೋ ಉಕ್ಕಿ ಚೆಲ್ಲುತ್ತದೆ, ಇಲ್ಲವೋ ಕ್ಷಣದಲ್ಲಿ ಮಾಯ. ಬೆಂಗಳೂರಿನಲ್ಲಿ ಹಾಗಾಗಲ್ಲ. (ಗೌರಿಬಿದನೂರು)

ಎರಡಕ್ಕೂ ಗ್ಲಾಸೇ ಕಾರಣ, ಆದರೆ ಬೇರೆ ಬೇರೆ ರೀತಿಯಲ್ಲಿ. ಉಕ್ಕುವುದು ಬೋರ್‌ವೆಲ್ ನೀರಿನಿಂದ. ಗಡುಸು ನೀರು ಒಣಗಿದಾಗ ಗ್ಲಾಸಿನ ಒಳಗೋಡೆಯಲ್ಲಿ ಬಿಳಿ ಸುಣ್ಣದ ಪೊರೆ ಕೂರುತ್ತದೆ. ಅದರ ಒರಟು ಮೈಯ ಒಂದೊಂದು ಚುಕ್ಕಿಯಲ್ಲೂ ಗುಳ್ಳೆ ಹುಟ್ಟುತ್ತದೆ. ಹುಣಸೆಹಣ್ಣು ಕಿವುಚಿದ ನೀರನ್ನೋ ಸಮಪಾಲು ನೀರು ಬೆರೆಸಿದ ವಿನೆಗರನ್ನೋ ಗ್ಲಾಸಿನ ತುಂಬ ತುಂಬಿಸಿ ಅರ್ಧ ಗಂಟೆ ಬಿಟ್ಟು, ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ. ಕೊನೆಯ ನೀರು ಫಿಲ್ಟರಿನದ್ದಾಗಲಿ, ಇಲ್ಲದಿದ್ದರೆ ಪೊರೆ ಮತ್ತೆ ಕೂರುತ್ತದೆ.

ನೊರೆ ಮಾಯವಾಗುವುದು ಜಿಡ್ಡಿನಿಂದ. ಹಾಲು, ಮಜ್ಜಿಗೆ ಕುಡಿದ ಗ್ಲಾಸಿನಲ್ಲಿ ಕೊಬ್ಬಿನ ಅಂಶ ಉಳಿದಿರುತ್ತದೆ. ಪಾತ್ರೆ ಸೋಪಿನ ಪೊರೆಯೂ ಅದನ್ನೇ ಮಾಡುತ್ತದೆ. ಬಿಯರ್ ಗ್ಲಾಸುಗಳನ್ನು ಬೇರೆಯೇ ಇಡಿ, ಬೇರೆ ಸ್ಪಂಜಿನಿಂದ ತೊಳೆಯಿರಿ, ಬಟ್ಟೆಯಿಂದ ಒರೆಸದೆ ಜಾಲರಿಯ ಮೇಲೆ ಬೋರಲು ಹಾಕಿ. ಪರೀಕ್ಷೆ ಸುಲಭ: ಒದ್ದೆ ಗ್ಲಾಸಿನ ಒಳಗೆ ಪುಡಿ ಉಪ್ಪು ಉದುರಿಸಿ. ಉಪ್ಪು ಎಲ್ಲ ಕಡೆ ಸಮನಾಗಿ ಅಂಟಿದರೆ ಗ್ಲಾಸು ಶುದ್ಧ. ಅಂಟದೆ ಬಿಟ್ಟ ಜಾಗದಲ್ಲಿ ಜಿಡ್ಡಿದೆ. ಪರೀಕ್ಷೆ ಆದ ಮೇಲೆ ಉಪ್ಪನ್ನು ತೊಳೆದುಬಿಡಿ. ತುಟಿಯ ಮೇಲಿನ ಖಾರದ ಕಡಲೇಬೀಜದ ಎಣ್ಣೆಯೂ ನೊರೆಗೆ ಶತ್ರುವೇ.

ಹಾಳಾದ ಏಲನ್ನು ಗುರುತಿಸುವುದು ಹೇಗೆ? ಕಪ್ಪು ಬಿಯರ್‌ಗೆ ಅದೇ ರುಚಿ ಇರಬಹುದು ಅಂದುಕೊಂಡು ಕುಡಿದುಬಿಡುತ್ತೇವೆ. (ಮಾಲೂರು)

ಇದು ಬಹಳ ಜನರ ತೊಂದರೆ. ಹುರಿದ ಘಮದ ಹಿಂದೆ ಕುಂದುಗಳು ಅಡಗಿಕೊಳ್ಳುವುದು ನಿಜ, ಅದಕ್ಕೇ ಒಂದೊಂದನ್ನೂ ಬೇರೆಯಾಗಿ ಕಲಿಯಬೇಕು.

ನಮ್ಮಲ್ಲಿ ಅತಿ ಹೆಚ್ಚು ಕಾಣುವುದು ಹಳಸು. ಆಮ್ಲಜನಕ ಸೇರಿ ಹಳತಾದ ಬಿಯರ್ ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ. ಹಡಗಿನಲ್ಲಿ, ಗೋದಾಮಿನಲ್ಲಿ, ಶೀಟಿನ ಮಾಡಿನ ಅಂಗಡಿಯಲ್ಲಿ ಬಿಸಿ ತಿಂದ ಆಮದು ಬಾಟಲಿಗೆ ಇದು ತಪ್ಪಿದ್ದಲ್ಲ: ತಾಪ 10 ಡಿಗ್ರಿ ಏರಿದರೆ ಹಳಸುವ ವೇಗ ಎರಡು ಮೂರು ಪಟ್ಟು. ಕೊಳ್ಳುವಾಗ ದಿನಾಂಕ ನೋಡಿ. ಶೋಕೇಸಿನ ಮುಂದಿನ ಸಾಲಿನದ್ದು ಬೇಡ, ಹಿಂದಿನದ್ದನ್ನು ಕೇಳಿ. ಗಟ್ಟಿ ಓಲ್ಡ್ ಏಲ್ ಮಾತ್ರ ಇದಕ್ಕೆ ಹೊರತು. ಹಳತಾದಂತೆ ಅದರಲ್ಲಿ ಒಣಹಣ್ಣು, ಶೆರಿ ವೈನಿನ ಘಮ ಬಂದರೆ ಅದು ಗುಣವೇ. ಆದರೆ ಶೇ 3.5ರ ಮೈಲ್ಡನ್ನು ಕೂಡಿಡಬೇಡಿ. ಅದು ತಾಜಾ ಕುಡಿಯುವ ವಸ್ತು.

ಬಿಸಿಲಿನ ಕುಂದು ಬೇರೆ. ಹಾಪ್ಸಿನ ಕಹಿ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕದ ಒಂದು ನಾತ ಹುಟ್ಟುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಕಂದು ಬಾಟಲಿ ಇದನ್ನು ಬಹುಪಾಲು ತಡೆಯುತ್ತದೆ, ಹಸಿರು ಬಾಟಲಿ ಅಷ್ಟಾಗಿ ಇಲ್ಲ, ಬಿಳಿ ಗಾಜಂತೂ ಏನೂ ಇಲ್ಲ. ನ್ಯೂಕ್ಯಾಸಲ್ ಬ್ರೌನ್ ಏಲ್‌ನಂತೆ ಬಿಳಿ ಗಾಜಿನಲ್ಲಿ ಬರುವುದನ್ನು ಪೆಟ್ಟಿಗೆಯೊಳಗಿಂದಲೇ ಕೊಳ್ಳಿ. ಮಾವಿನ ತೋಟದಲ್ಲಿ ಕೂತು ಬಿಸಿಲಲ್ಲಿ ಕುಡಿದರೆ ಗ್ಲಾಸಿನಲ್ಲೇ ಈ ವಾಸನೆ ಶುರುವಾಗುತ್ತದೆ, ನೆರಳು ನೋಡಿಕೊಳ್ಳಿ.

ಬೆಣ್ಣೆಯ, ಅಂಗಡಿ ಪಾಪ್‌ಕಾರ್ನಿನ ವಾಸನೆ ಡಯಾಸಿಟೈಲ್‌ನದ್ದು. ಯೀಸ್ಟಿಗೆ ಕೆಲಸ ಮುಗಿಸಲು ಬಿಡದೆ ಬೇಗ ತಣ್ಣಗೆ ಮಾಡಿದಾಗ, ಇಲ್ಲವೇ ಬಿಯರ್ ಹರಿದುಬರುವ ಕೊಳವೆ ಕೊಳೆಯಾಗಿದ್ದಾಗ ಬರುತ್ತದೆ. ಇಂಗ್ಲೆಂಡಿನ ಕೆಲವು ಏಲ್‌ಗಳಲ್ಲಿ ಇದರ ಒಂದು ಎಳೆ ಇರುವುದು ಸಂಪ್ರದಾಯ. ನಾಲಿಗೆಗೆ ಜಿಡ್ಡು ಅಂಟುವಷ್ಟಾದರೆ ಕುಂದು. ಸೋಯಾ ಸಾಸಿನ ಉಪ್ಪು ವಾಸನೆ ಸತ್ತ ಯೀಸ್ಟಿನಿಂದ, ಕಪ್ಪು ಬಿಯರ್ ಬಹಳ ಹಳತಾದಾಗ ಕಾಣುತ್ತದೆ. ಹಸಿ ಸೇಬಿನ ವಾಸನೆ ಅಂದರೆ ಬಿಯರ್ ಎಳಸು. ಇನ್ನು ವಿನೆಗರಿನ ಚುರುಕು ಗಂಟಲಿಗೆ ಹೊಡೆದರೆ ಬ್ಯಾಕ್ಟೀರಿಯಾ ಹೊಕ್ಕಿದೆ. ಬ್ರೂವರಿಯಲ್ಲಿ ಹೀಗಾದರೆ ಸಂಕೋಚವಿಲ್ಲದೆ ವಾಪಸ್ ಮಾಡಿ. ಹುರಿದ ಮಾಲ್ಟಿನ ಸಹಜ ಹುಳಿ ಕರಿಕಾಫಿಯಲ್ಲಿರುವಷ್ಟು ತೆಳು, ಅದು ಹಲ್ಲನ್ನು ಚಳಿಯಾಗಿಸುವುದಿಲ್ಲ.

ನಮ್ಮ ಬೋರ್‌ವೆಲ್ ನೀರು ಬಹಳ ಗಡುಸು. ಲಂಡನ್ನಿನ ನೀರೂ ಗಡುಸಂತೆ. ಹಾಗಿದ್ದರೆ ಈ ಬಿಯರ್‌ಗೆ ನಮ್ಮ ನೀರು ಹೊಂದುತ್ತದೆಯೇ? (ಬಾಗೇಪಲ್ಲಿ)

ಪ್ರಶ್ನೆ ಬಹಳ ಚೆನ್ನಾಗಿದೆ. ಲಂಡನ್ನಿನ ಬಾವಿನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು, ಹಾಗಾಗಿ ಅದು ಕ್ಷಾರದ ಕಡೆ ವಾಲುತ್ತದೆ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತದಲ್ಲಿ ಪಿಎಚ್ (ಆಮ್ಲ–ಕ್ಷಾರದ ಅಳತೆ) 5.2ರಿಂದ 5.6ರ ನಡುವೆ ಇರಬೇಕು. ಕ್ಷಾರದ ನೀರಿಗೆ ಬರೀ ತೆಳು ಮಾಲ್ಟ್ ಹಾಕಿದರೆ ಪಿಎಚ್ ಅಲ್ಲಿಗೆ ಇಳಿಯದೆ ಬಿಯರ್ ಒಗರಾಗುತ್ತದೆ. ಹುರಿದ ಮಾಲ್ಟ್ ಆಮ್ಲೀಯ. ಅದು ಕ್ಷಾರವನ್ನು ಮುರಿಯುತ್ತದೆ. ಲಂಡನ್ನಿಗೆ ಪೋರ್ಟರ್ ಒಲಿದದ್ದಕ್ಕೂ, ಜಿಪ್ಸಂ ತುಂಬಿದ ನೀರಿನ ಬರ್ಟನ್ ಊರಿಗೆ ತೆಳು ಬಣ್ಣದ ಪೇಲ್ ಏಲ್ ಒಲಿದದ್ದಕ್ಕೂ ಇದೊಂದು ಮುಖ್ಯ ಕಾರಣ.

ನಿಮ್ಮ ಭಾಗದ ಆಳದ ಕೊಳವೆಬಾವಿಗಳಲ್ಲೂ ಬೈಕಾರ್ಬೊನೇಟ್ ಇದೆ, ಅಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಜೊತೆಗೆ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಬಾಗೇಪಲ್ಲಿ, ಪಾವಗಡದ ಎಷ್ಟೋ ಬಾವಿಗಳು ಅದನ್ನು ಮೀರಿವೆ. ಕುದಿಸಿದರೆ ಗಡಸುತನ ಒಂದಿಷ್ಟು ಇಳಿಯುತ್ತದೆ, ಫ್ಲೋರೈಡ್ ಇಳಿಯುವುದಿಲ್ಲ. ನೀರು ಆವಿಯಾದಷ್ಟೂ ಮಂದವಾಗುತ್ತದೆ. ಇಂಥ ನೀರಿನಲ್ಲಿ ಬಿಯರ್ ಮಾಡುವವರು ಮೊದಲು ಆರ್‌ಒದಲ್ಲಿ ಎಲ್ಲವನ್ನೂ ತೆಗೆದು, ಬೇಕಾದ ಲವಣವನ್ನು ತೂಕ ಹಾಕಿ ಸೇರಿಸುತ್ತಾರೆ.

ಮುದ್ದೆ–ನಾಟಿಕೋಳಿ ಸಾರಿನ ಜೊತೆ ಹೊಂದುತ್ತದೆಯೇ? (ಕೊರಟಗೆರೆ)

ಮುದ್ದೆಗೆ ಹೊಂದುತ್ತದೆ, ಖಾರದ ಸಾರಿಗೆ ಹೊಂದುವುದಿಲ್ಲ. ಆಲ್ಕೋಹಾಲ್, ಗುಳ್ಳೆ, ಕಹಿ ಮೂರೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ. ಉರಿಯುವ ನಾಲಿಗೆಗೆ ಪೋರ್ಟರ್‌ನ ಕೋಕೋ ಘಮ ತಿಳಿಯುವುದಿಲ್ಲ. ಹುಣಸೆ ಗೊಜ್ಜಿನ ಹುಳಿಯೂ ಅದನ್ನು ತೆಳ್ಳಗೆ ಮಾಡಿಬಿಡುತ್ತದೆ. ಕಾಳುಮೆಣಸು ಹಾಕಿ ಹುರಿದ ಮಟನ್ ಚಾಪ್ಸ್ ಆದರೆ ಒಳ್ಳೆಯ ಜೋಡಿ: ಮಾಂಸ ಕೆಂಪಗಾದಾಗ ಹುಟ್ಟುವ ಘಮವೂ ಮಾಲ್ಟ್ ಹುರಿದಾಗ ಹುಟ್ಟುವ ಘಮವೂ ಒಂದೇ ಬಗೆಯ ರಾಸಾಯನಿಕ ಕ್ರಿಯೆಯಿಂದ ಬಂದವು. ಮೈಲ್ಡ್ ಜೊತೆ ಬೇಯಿಸಿದ ಕಡಲೇಕಾಯಿ ಸಾಕು.

ನಮ್ಮ ಮೆಚ್ಚಿನ ಜೋಡಿ ಬೇಳೆ ಒಬ್ಬಟ್ಟು. ಬೆಲ್ಲದ ಹೂರಣ, ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ 13 ಡಿಗ್ರಿಯ ಪೋರ್ಟರ್. ಸಿಹಿಯ ಮುಂದೆ ಪೋರ್ಟರ್‌ನ ಕಹಿ ತಗ್ಗಿ, ತುಪ್ಪವನ್ನು ಗುಳ್ಳೆ ತೊಳೆದು, ಬೆಲ್ಲದ ಸೀಕು ಘಮ ಎರಡರಲ್ಲೂ ಒಂದಾಗುತ್ತದೆ. ಕಜ್ಜಾಯಕ್ಕೂ ಇದೇ ಮಾತು. ಸಕ್ಕರೆ ಒಬ್ಬಟ್ಟಿನಲ್ಲಿ ಈ ಹೊಂದಿಕೆ ಇಲ್ಲ.

ಬ್ರಿಟಿಷರು ಇದನ್ನು ನಮ್ಮ ಕಡೆ ತಂದಿದ್ದರೇ? (ಕೆಜಿಎಫ್)

ಭಾರತಕ್ಕೆ ತಂದಿದ್ದರು. ಭಾರತಕ್ಕೆ ಹೋದ ಇಂಗ್ಲಿಷ್ ಬಿಯರ್ ಅಂದರೆ ಎಲ್ಲರೂ ಇಂಡಿಯಾ ಪೇಲ್ ಏಲ್ ಹೆಸರು ಹೇಳುತ್ತಾರೆ, ಆದರೆ ಅದು ಅಧಿಕಾರಿಗಳ ಮೇಜಿನದ್ದು. ಸಾಮಾನ್ಯ ಸೈನಿಕರಿಗಾಗಿ ಪೀಪಾಯಿಗಟ್ಟಲೆ ಬಂದದ್ದು ಪೋರ್ಟರ್. ನಮ್ಮ ಕಡೆ ಬ್ರಿಟಿಷರು ನೆಲೆನಿಂತದ್ದನ್ನು ನೋಡಿದರೆ, ಬೆಂಗಳೂರು ದಂಡು ನೆಲೆಯಾದದ್ದು 1809ರಲ್ಲಿ; ಜಾನ್ ಟೇಲರ್ ಕಂಪನಿ ನಿಮ್ಮೂರಿನ ಗಣಿಗೆ ಕಾಲಿಟ್ಟದ್ದು 1880ರಲ್ಲಿ. ದಕ್ಷಿಣ ಭಾರತದ ಹಳೇ ಬ್ರೂವರಿಗಳನ್ನು ಕೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. ಆಮೇಲಿನ ಕಾಲದಲ್ಲಿ ಲಾಗರ್ ಎಲ್ಲವನ್ನೂ ಬದಿಗೆ ತಳ್ಳಿತು. ಇಂಗ್ಲೆಂಡಿನಲ್ಲೂ ಪೋರ್ಟರ್ 20ನೇ ಶತಮಾನದ ನಡುವೆ ನಿಂತೇ ಹೋಗಿ, 1970ರ ದಶಕದ ಕೊನೆಯಲ್ಲಿ ಮತ್ತೆ ಹುಟ್ಟಿತು.

ಸ್ಟೌಟ್ ಕುಡಿದರೆ ರಕ್ತ ಹೆಚ್ಚುತ್ತದೆ, ಬಾಣಂತಿಗೂ ಒಳ್ಳೆಯದು ಎಂದು ಹಿರಿಯರೊಬ್ಬರು ಹೇಳಿದರು. (ಗುಬ್ಬಿ)

ದಯವಿಟ್ಟು ಕೊಡಬೇಡಿ. ಗಿನ್ನೆಸ್ ಒಳ್ಳೆಯದು ಎಂಬ ಜಾಹೀರಾತು 1929ರಲ್ಲಿ ಶುರುವಾಗಿ ಜಗತ್ತೆಲ್ಲ ಸುತ್ತಿತು, ನಂಬಿಕೆಗೆ ಬಲ ಬಂದದ್ದು ಅದರಿಂದ. ಒಂದು ಪಿಂಟ್ ಸ್ಟೌಟ್‌ನಲ್ಲಿ ಕಬ್ಬಿಣ ಸುಮಾರು 0.3 ಮಿಲಿಗ್ರಾಂ. ಭಾರತೀಯ ಮಹಿಳೆಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲೇ 4.6ರಷ್ಟಿದೆ. ಆಲ್ಕೋಹಾಲ್ ಎದೆಹಾಲಿಗೆ ಸೇರುತ್ತದೆ. ಗರ್ಭಿಣಿಗೂ ಬಾಣಂತಿಗೂ ಒಂದು ಗುಟುಕೂ ಬೇಡ.

ಇದು ಸಸ್ಯಾಹಾರವೇ? (ಶಿಡ್ಲಘಟ್ಟ)

ಎಲ್ಲವೂ ಅಲ್ಲ. ಪೀಪಾಯಿ ಏಲ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟನ್ನು ಹಾಕುವುದು ಇಂಗ್ಲೆಂಡಿನ ಹಳೇ ಪದ್ಧತಿ. ಯೀಸ್ಟನ್ನು ಹಿಡಿದುಕೊಂಡು ಅದು ತಳಕ್ಕೆ ಇಳಿಯುತ್ತದೆ. ಈಗ ಅನೇಕರು ಬಿಟ್ಟಿದ್ದಾರೆ. ಬಾಟಲಿಯ ಮೇಲೆ ‘ವೀಗನ್’ ಎಂದಿದ್ದರೆ ಅನುಮಾನವಿಲ್ಲ. ಮಿಲ್ಕ್ ಸ್ಟೌಟ್‌ಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸೇರಿಸುತ್ತಾರೆ. ಹಾಲು ಆಗದವರಿಗೆ ಅದು ಹೊಟ್ಟೆ ಕೆಡಿಸುತ್ತದೆ. ಮೈಕ್ರೋಬ್ರೂವರಿಯಲ್ಲಿ ಬ್ರೂವರನ್ನೇ ಕೇಳಿ, ಹೇಳುತ್ತಾರೆ.

ಮನೆಯಲ್ಲೇ ಒಂದು ಕ್ಯಾನಿನಷ್ಟು ಮಾಡಿ ನೋಡಬಹುದೇ? (ಮುಳಬಾಗಿಲು)

ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಸ್ವಂತಕ್ಕಾದರೂ ಅಷ್ಟೇ. ಆದರೆ ಹುರಿದ ಧಾನ್ಯದ ರುಚಿಯನ್ನು ಅಮಲಿಲ್ಲದೆ ಕಲಿಯಲು ಒಂದು ದಾರಿಯಿದೆ, ಮತ್ತು ಇದನ್ನು ಎಲ್ಲರೂ ಒಮ್ಮೆ ಮಾಡಬೇಕೆಂಬುದು ನಮ್ಮ ಆಸೆ. ಅಂಗಡಿಯ ಬಾರ್ಲಿಯನ್ನು 25 ಗ್ರಾಂನ ಮೂರು ಪಾಲು ಮಾಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದನ್ನು ಹೊಂಬಣ್ಣಕ್ಕೆ, ಇನ್ನೊಂದನ್ನು ಕಂದಿಗೆ, ಮೂರನೆಯದನ್ನು ಕಾಫಿಬೀಜದ ಬಣ್ಣಕ್ಕೆ ಹುರಿಯಿರಿ. ಮೂರನೆಯದರ ಹೊಗೆ ಕಣ್ಣಿಗೆ ಚುಚ್ಚತೊಡಗಿದರೆ ತಡವಾಯಿತು, ಅದಕ್ಕೆ ಮೊದಲೇ ಇಳಿಸಿ ತಟ್ಟೆಗೆ ಹರಡಿ. ಬಾಣಲೆಯಲ್ಲೇ ಬಿಟ್ಟರೆ ಕಾವಿಗೆ ಮತ್ತೂ ಸೀಯುತ್ತದೆ. ತರಿತರಿಯಾಗಿ ಕುಟ್ಟಿ, ಒಂದೊಂದಕ್ಕೂ 200 ಮಿ.ಲೀ. ಬಿಸಿನೀರು, 70 ಡಿಗ್ರಿಯಷ್ಟು, ಕುದಿಯುವುದಲ್ಲ. 15 ನಿಮಿಷ ಬಿಟ್ಟು ಸೋಸಿ, ಉಗುರುಬೆಚ್ಚಗಿರುವಾಗ ಸಾಲಾಗಿ ರುಚಿ ನೋಡಿ. ಮೊದಲನೆಯದು ಬಿಸ್ಕತ್ತು, ಎರಡನೆಯದು ಸುಟ್ಟ ಬ್ರೆಡ್ಡು, ಮೂರನೆಯದು ಕೋಕೋ–ಕಾಫಿ. ಆಮೇಲೆ ಮೊದಲನೆಯದರ 95 ಮಿ.ಲೀ.ಗೆ ಮೂರನೆಯದರ 5 ಮಿ.ಲೀ. ಬೆರೆಸಿ. ಅಷ್ಟು ಸ್ವಲ್ಪ ಕಪ್ಪು ಇಡೀ ಲೋಟವನ್ನು ಎಷ್ಟು ಬದಲಿಸುತ್ತದೆ ಎಂಬುದು ನಾಲಿಗೆಗೇ ತಿಳಿಯುತ್ತದೆ.

ನಾವು ನಾಲ್ವರು ಗೆಳೆಯರು. ಬೇರೆ ಬೇರೆ ಬಗೆಯ ಬಾಟಲಿಗಳನ್ನು ಒಂದೇ ಸಂಜೆ ನೋಡಬೇಕೆಂದಿದ್ದೇವೆ. (ತುಮಕೂರು)

ನಾಲ್ಕು ಬಗೆ ಸಾಕು. ಐದನೆಯದಕ್ಕೆ ನಾಲಿಗೆ ಸೋತಿರುತ್ತದೆ. ತಲೆಗೆ 80 ಮಿ.ಲೀ.ನಂತೆ ಒಂದು ಸಣ್ಣ ಬಾಟಲಿ ನಾಲ್ವರಿಗೂ ಆಗುತ್ತದೆ. ಕಮ್ಮಿ ಅಮಲಿನದ್ದು ಮೊದಲು, ಹುರಿದದ್ದೂ ಗಟ್ಟಿಯಾದದ್ದೂ ಕೊನೆಗೆ: ಮೈಲ್ಡ್ ಅಥವಾ ಬ್ರೌನ್ ಏಲ್, ಪೋರ್ಟರ್, ಸ್ಟೌಟ್, ಓಲ್ಡ್ ಏಲ್. ತಿರುಗುಮುರುಗಾದರೆ ಸ್ಟೌಟ್ ನಂತರದ ಮೈಲ್ಡ್ ಬರೀ ನೀರಿನಂತೆ ತೋರುತ್ತದೆ. ನಡುನಡುವೆ ಉಪ್ಪಿಲ್ಲದ ಪುರಿ, ತಣ್ಣಗಿರದ ನೀರು. ಊದುಬತ್ತಿ, ಮಲ್ಲಿಗೆ ಹೂವು, ಸೆಂಟು, ಸಿಗರೇಟು, ಒಗ್ಗರಣೆ ಯಾವುದೂ ಆ ಕೋಣೆಯ ಹತ್ತಿರ ಇರಬಾರದು. ಬರೆದುಕೊಳ್ಳುವ ತನಕ ಒಬ್ಬರಿಗೊಬ್ಬರು ಮಾತಾಡಬೇಡಿ. ಒಬ್ಬರು ‘ಕಾಫಿ’ ಅಂದರೆ ಉಳಿದ ಮೂವರ ಮೂಗಿಗೂ ಕಾಫಿಯೇ ಬರುತ್ತದೆ.

ಬಾಟಲಿಗಳನ್ನು ಅಟ್ಟದ ಮೇಲಿಡದೆ ಫ್ರಿಜ್ ಬಾಗಿಲಿನಲ್ಲಿ ನೆಟ್ಟಗೆ ಇಡಿ. ತೆರೆದದ್ದನ್ನು ಅಂದೇ ಮುಗಿಸಿ. ಇದಕ್ಕಾಗಿ ಬೆಂಗಳೂರಿಗೇ ಹೋಗುವುದಾದರೆ ರೈಲಿನಲ್ಲಿ ಹೋಗಿ ರೈಲಿನಲ್ಲೇ ಬನ್ನಿ. ಕೊನೆಯ ರೈಲಿನ ಹೊತ್ತನ್ನು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ. ಗಾಡಿ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಅಪರಾಧ, ಮತ್ತು ಮೇಲೆ ಹೇಳಿದ ನಾಲ್ಕು ಗ್ಲಾಸುಗಳೇ ಕೆಲವರನ್ನು ಆ ಗೆರೆ ದಾಟಿಸಲು ಸಾಕು.